ಮಗನನ್ನು ಬಿಟ್ಟು ಬರಲು ಹೋದದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಂಜನಗೂಡಿನ ಬಜಾರಿನಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡವನಿಗೆ ಸಿಟ್ಟು ಬಾರದೆ ಇರುತ್ತದೆಯೇ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಗಿರಾಕಿಗಳ ಮೇಲೆ ನಾನು ಯಾವತ್ತೂ ರೇಗಿದವನಲ್ಲ. ಕವಲಂದೆ ಕಡೆಯ ರೈತರು ಒಂದೇ ಔಷಧಿಯ ರೇಟನ್ನು ತಿರುಗಿ ತಿರುಗಿ ಕೇಳಿದರೂ ನಗುನಗುತ್ತಲೇ ಹೇಳುತ್ತೇನೆ. ಸಿಟ್ಟೆಲ್ಲ ಮಗನಿಗೇ ಮೀಸಲು. ಬರೆಯಲು ಕೂತರೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹೋದ ವರ್ಷ ಅವನು ಮೊದಲ ಪಿಯುಸಿಯಲ್ಲಿದ್ದ. ಒಂದು ಮಧ್ಯಾಹ್ನ ಅವನ ಕಾಲೇಜಿನ ಲೆಕ್ಚರರೊಬ್ಬರು ತಮ್ಮ ತೆಂಗಿನ ಗಿಡಕ್ಕೆ ಗೊಬ್ಬರ ಕೊಳ್ಳಲು ಬಂದವರು, ನಿಮ್ಮ ಹುಡುಗ ಕ್ಲಾಸಿಗೇ ಬರುತ್ತಿಲ್ಲವಲ್ಲ ಎಂದರು. ವಿಚಾರಿಸಿದರೆ ಇವನು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೊತ್ತು ಕಳೆದು ಮನೆಗೆ ಬರುತ್ತಿದ್ದನಂತೆ. ಅವತ್ತು ಸಂಜೆ ಅಂಗಡಿಗೆ ಬಂದವನನ್ನು ಗಿರಾಕಿಗಳ ಎದುರಿಗೇ ನಿಲ್ಲಿಸಿಕೊಂಡು, "ದನ ಕಾಯಕ್ಕೂ ಲಾಯಕ್ಕಿಲ್ಲ ಕಣ್ಲಾ ನೀನು. ನಿನ್ನ ಮೊಕ ನೋಡಿದ್ರೆ ನಂಗೆ ಬಿಪಿ ಏರ್ತದೆ" ಎಂದೆ. ಅವನು ಯೂರಿಯಾ ಮೂಟೆಗಳ ಕಡೆ ನೋಡುತ್ತಾ ನಿಂತಿದ್ದ. ಅಂದಿನಿಂದ ಅಂಗಡಿಗೆ ಬರುವುದನ್ನು ಬಿಟ್ಟ. ಮನೆಯಲ್ಲೂ ನಾನು ಒಳಗೆ ಬಂದರೆ ಅವನು ಹೊರಗೆ. ಊಟಕ್ಕೆ ಬಾ ಎನ್ನುವುದನ್ನೂ ಹೆಂಡತಿಯ ಬಾಯಲ್ಲೇ ಹೇಳಿಸಬೇಕಾಯಿತು.

ಆ ಲೆಕ್ಚರರೇ ಇನ್ನೊಂದು ದಿನ ಬಂದು ಒಂದು ದಾರಿ ತೋರಿಸಿದರು. ಮೈಸೂರಿನಲ್ಲಿ ಇಂಥ ಹುಡುಗರಿಗಾಗಿಯೇ ಒಂದು ಕಾರ್ಯಕ್ರಮ ನಡೆಯುತ್ತದೆ, ಒಬ್ಬೊಬ್ಬ ಹುಡುಗನಿಗೂ ಒಬ್ಬೊಬ್ಬ ಮೆಂಟರ್ ಅಂತ ಇರುತ್ತಾರೆ, ಓದು, ಬದುಕು ಎರಡಕ್ಕೂ ಕೈಹಿಡಿದು ನಡೆಸುತ್ತಾರೆ, ಫೀಸು ಗೀಸು ಏನೂ ಇಲ್ಲ ಎಂದರು. ವಿಳಾಸವನ್ನು ನನ್ನ ಫೋನಿಗೆ ಕಳಿಸಿದರು. ಎಷ್ಟು ಹೊತ್ತು, ಎಲ್ಲಿ, ಹೇಗೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ, ಏಕೆಂದರೆ ನಾನೇ ಮಠದಲ್ಲಿ ಬೆಳೆದವನು.

ನರಸೀಪುರದ ಆಚೆ ಒಂದು ಮಠವಿದೆ. ಅಲ್ಲಿ ಹುಡುಗರಿಗೆ ಉಚಿತ ಪ್ರಸಾದನಿಲಯ. ನಾನು ಪ್ರೈಮರಿ ಮುಗಿಸಿದ ಬೇಸಿಗೆಯಲ್ಲಿ ನಮ್ಮಪ್ಪ ಒಂದು ಟ್ರಂಕು, ಚಾಪೆ, ಒಂದು ಮೂಟೆ ಅಕ್ಕಿಯ ಸಮೇತ ನನ್ನನ್ನು ಕರೆದುಕೊಂಡು ಹೋಗಿ, ಸ್ವಾಮಿಗಳ ಪಾದಕ್ಕೆ ಬೀಳಿಸಿ, "ಬುದ್ಧೀ, ಇನ್ಮೇಲೆ ಇವ ನಿಮ್ ಮಗ" ಎಂದು ಕೈಮುಗಿದು ಬಂದ ಬಸ್ಸಿಗೇ ಹೊರಟುಬಿಟ್ಟಿದ್ದ. ನಮ್ಮವರಲ್ಲಿ ಇದು ಮನೆಮನೆಯ ಕಥೆ. ಮಗನನ್ನು ದೂರ ಮಾಡಿದರು ಎಂದು ಯಾರೂ ಆಡಿಕೊಳ್ಳುವುದಿಲ್ಲ, ದಾರಿಗೆ ಹಚ್ಚಿದರು ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಾನು ಅಲ್ಲೇ ಉಂಡೆ, ಅಲ್ಲೇ ಓದಿದೆ, ಕೆಟ್ಟುಹೋಗಲಿಲ್ಲ. ಹಾಗಾಗಿ ಫೀಸಿಲ್ಲದೆ ಹುಡುಗರನ್ನು ನೋಡಿಕೊಳ್ಳುವ ಜಾಗ ಎಂದರೆ ನನ್ನ ಲೆಕ್ಕದಲ್ಲಿ ಒಂದೇ ಅರ್ಥ: ಬಿಟ್ಟು ಬರುವ ಜಾಗ.

"ಒಂದ್ಸಲ ಫೋನ್ ಮಾಡಿ ಕೇಳ್ರೀ, ಅಲ್ಲಿ ಊಟ ಗೀಟ ಎಂಗೋ ಏನೋ" ಎಂದಳು ಹೆಂಡತಿ.

"ನಂಗ್ ಗೊತ್ತಿಲ್ವಾ? ನಾನೇನು ಮಠ ನೋಡಿಲ್ವಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಅವಳು ಹುಣಸೇಹಣ್ಣಿನ ಗೊಜ್ಜು ಕುದಿಸಿ ಡಬ್ಬಿಗೆ ತುಂಬಿದಳು. ಮಗನಿಗೆ, ಮೈಸೂರಿನಲ್ಲಿ ಇದ್ದುಕೊಂಡು ಓದಬೇಕು ಎಂದಷ್ಟೇ ಹೇಳಿದೆ. ಅವನು ಹ್ಞೂ ಎಂದ. ಎದುರು ಮಾತಾಡುತ್ತಾನೆ, ರಂಪ ಮಾಡುತ್ತಾನೆ ಎಂದು ತಯಾರಾಗಿ ನಿಂತಿದ್ದ ನನಗೆ ಆ ಹ್ಞೂ ಕೇಳಿ ಸಂತೋಷವೇ ಆಯಿತು. ದೇವರಾಣೆ ಹೇಳುತ್ತೇನೆ, ಇನ್ನು ಮನೆಯಲ್ಲಿ ನೆಮ್ಮದಿ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಟ್ರಂಕು, ಹಾಸಿಗೆ ಸುರುಳಿ, ಒಂದು ಚೀಲ ಅಕ್ಕಿ ಹೊತ್ತು ಇಬ್ಬರೂ ಬಸ್ಸು ಹತ್ತಿದೆವು. ತಾಂಡವಪುರದಲ್ಲಿ ಫ್ಯಾಕ್ಟರಿ ಕೆಲಸದವರು ಹತ್ತಿಕೊಂಡು ಟ್ರಂಕಿಗೆ ಕಾಲು ತಗುಲಿಸಿಕೊಂಡು ಬೈದರು. ಮೈಸೂರಿನಲ್ಲಿ ಇಳಿದು ಆಟೋ ಹಿಡಿದು, ಬಡಾವಣೆಯ ಬೀದಿ ಬೀದಿ ಸುತ್ತಿದೆವು. ನಾನು ಹುಡುಕುತ್ತಿದ್ದದ್ದು ದೊಡ್ಡ ಕಾಂಪೌಂಡು, ಗೇಟು, ಒಣಹಾಕಿದ ಹುಡುಗರ ಬಟ್ಟೆ. ಇಲ್ಲಿ ಹುಡುಗರ ಹಾಸ್ಟೆಲ್ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆಟೋದವನೇ ನನ್ನ ಫೋನು ಇಸಿದುಕೊಂಡು ನೋಡಿ, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಇಳಿಸಿ, "ಮ್ಯಾಲ್ಗಡೆ ಅಂತೆ ಸಾ" ಎಂದ.

ಮಹಡಿಯ ಮೇಲೆ ಎರಡು ಕೋಣೆ, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಎದ್ದು ಬಂದು ನೀರು ಕೊಟ್ಟಳು. ಕಾರ್ಯಕ್ರಮ ನೋಡಿಕೊಳ್ಳುವವಳು ಅವಳೇ. ಅವಳ ಕಣ್ಣು ಮಾತ್ರ ನಮ್ಮ ಟ್ರಂಕಿನ ಮೇಲೆ.

"ಎಲ್ಲಿಗಾದ್ರೂ ಊರಿಗೆ ಹೊರಟಿದ್ದೀರಾ ಸರ್?"

"ಇಲ್ಲ ಮೇಡಂ, ಇದು ಇವನ್ದು. ಅಕ್ಕಿ ನಿಮ್ಗೆ."

ಅವಳಿಗೆ ಏನು ಅರ್ಥವಾಯಿತೋ, ಒಳಗಿನಿಂದ ಒಬ್ಬ ಹುಡುಗನನ್ನು ಕರೆದಳು. ಟೀ ಶರ್ಟು, ಕುರುಚಲು ಗಡ್ಡ, ಇನ್ನೂ ಮದುವೆಯಾಗಿರದ ವಯಸ್ಸು. ಇವರೇ ಮೆಂಟರ್ ಆಗಬಹುದು ಎಂದಳು. ನನಗೆ ಕೊಂಚ ನಿರಾಸೆಯಾಯಿತು. ಆದರೂ ಪದ್ಧತಿ ಪದ್ಧತಿಯೇ. ಮಗನ ಹೆಗಲು ಅಮುಕಿ, "ಬೀಳ್ಲಾ ಕಾಲ್ಗೆ" ಎಂದೆ. ಅವನು ಬಿದ್ದ. ನಾನು ಎರಡೂ ಕೈ ಮುಗಿದು, ನಮ್ಮಪ್ಪನ ಮಾತನ್ನೇ ಹೇಳಿದೆ: "ಇನ್ಮೇಲೆ ಇವ ನಿಮ್ ಮಗ."

ಆ ಹುಡುಗ ಹಾವು ತುಳಿದವನಂತೆ ಹಿಂದಕ್ಕೆ ಹಾರಿ ಕುರ್ಚಿಗೆ ಬಡಿದುಕೊಂಡ. ಆ ಹೆಣ್ಣುಮಗಳಿಗೆ ನಗು ಬಂತು. ನಗುತ್ತಲೇ ನನ್ನ ಮಗನ ಮುಖ ನೋಡಿದವಳು ತಟ್ಟನೆ ನಗು ನುಂಗಿಕೊಂಡಳು.

"ಸರ್, ಇದು ಹಾಸ್ಟೆಲ್ ಅಲ್ಲ" ಎಂದಳು ಮೆಲ್ಲಗೆ. "ಭಾನುವಾರ ಒಂದೆರಡು ಗಂಟೆ ಇವರು ಹುಡುಗನ ಜೊತೆ ಕೂತು ಮಾತಾಡ್ತಾರೆ, ಜೊತೇಲಿ ತಿರುಗಾಡ್ತಾರೆ. ಒಬ್ಬ ಅಣ್ಣ ಇದ್ದ ಹಾಗೆ. ಅಷ್ಟೇ."

"ಮಿಕ್ಕಿದ್ ದಿನ?"

"ಮಿಕ್ಕ ದಿನ ನಿಮ್ಮ ಜೊತೆ."

ತಪ್ಪು ನನ್ನದು ಎಂದು ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಕೂಡಲೇ ಸಿಟ್ಟು ಬಂತು. ಬರೀ ಮಾತಾಡಕ್ಕೆ ಇಷ್ಟು ದೂರ ಬರಬೇಕಾ, ಮಾತು ನಮ್ಮೂರಲ್ಲಿ ಸಿಕ್ಕುವುದಿಲ್ಲವಾ ಎಂದು ದನಿ ಎತ್ತಿದೆ. ಕೆಳಗೆ ಹಲ್ಲು ತೋರಿಸಲು ಬಂದವರಿಗೂ ಕೇಳಿಸಿರಬೇಕು. ಅವಳು ಮಗನ ಪಕ್ಕದ ಕುರ್ಚಿಯಲ್ಲಿ ಕೂತು ಅವನನ್ನೇ ಕೇಳಿದಳು.

"ಇಲ್ಲೇ ಬಿಟ್ಟು ಹೋಗ್ತಾರೆ ಅಂತ ನಿನಗೆ ಗೊತ್ತಿತ್ತಾ?"

"ಹ್ಞೂ ಮೇಡಂ."

"ಬೇಡ ಅನ್ನಬೇಕು ಅನ್ನಿಸಲಿಲ್ವಾ?"

ಅವನು ನೆಲ ನೋಡಿಕೊಂಡೇ ಹೇಳಿದ: "ನಾನಿದ್ರೆ ಅಪ್ಪಾಜಿಗೆ ಬಿಪಿ ಏರ್ತದೆ ಮೇಡಂ. ನಾನಿಲ್ದಿದ್ರೆ ಆರಾಮಾಗಿರ್ತಾರೆ."

ಅದರಲ್ಲಿ ಚುಚ್ಚುಮಾತಿರಲಿಲ್ಲ. ಇದ್ದಿದ್ದರೆ ನಾನು ಬೈದು ಗೆದ್ದುಬಿಡುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಒಪ್ಪಿಸುವವನ ಹಾಗೆ, ನನ್ನ ಆರೋಗ್ಯದ ಕಾಳಜಿಯಿಂದ ಹೇಳಿದ್ದ. ನಾನು ಅಂಗಡಿಯಲ್ಲಿ ಸಿಟ್ಟಿನಿಂದ ಎಸೆದ ಮಾತನ್ನು ಅವನು ಎತ್ತಿಟ್ಟುಕೊಂಡು, ನಂಬಿ, ಅದಕ್ಕಾಗಿ ಮನೆ ಬಿಡಲು ಹೊರಟಿದ್ದ. ನನಗೆ ಆ ಮೂರು ಮುಖಗಳನ್ನು ನೋಡಲಾಗಲಿಲ್ಲ. ಖಾಲಿಯಾಗಿದ್ದ ನೀರಿನ ಲೋಟವನ್ನೇ ಮತ್ತೆ ಮತ್ತೆ ಬಾಯಿಗೆ ಇಟ್ಟುಕೊಂಡೆ.

ಟೀ ಶರ್ಟಿನ ಹುಡುಗ ಮಗನನ್ನು ಬಾಲ್ಕನಿಗೆ ಕರೆದುಕೊಂಡು ಹೋದ. ಅವರು ಏನು ಮಾತಾಡಿದರೋ ಗೊತ್ತಿಲ್ಲ. ನನ್ನ ಮಗನ ದನಿ ನಡುನಡುವೆ ಕೇಳುತ್ತಿತ್ತು. ಅಷ್ಟು ಉದ್ದದ ವಾಕ್ಯಗಳನ್ನು ಅವನು ಮನೆಯಲ್ಲಿ ಆಡಿ ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಒಳಗೆ ಬಂದ ಮೇಲೆ ಆ ಹೆಣ್ಣುಮಗಳು ಭಾನುವಾರ ಬರ್ತೀಯಾ ಎಂದರೆ, "ಅಪ್ಪಾಜಿ ಕಳಿಸಿದ್ರೆ" ಎಂದ. ಕಳಿಸ್ತೀನಿ ಎಂದೆ. ಆಗಾಗ ನೀವೂ ಬಂದು ಕೂರಬೇಕು ಸರ್ ಎಂದಳು ಅವಳು. ಅದಕ್ಕೂ ಒಪ್ಪಿದೆ. ಅಕ್ಕಿ ಚೀಲವನ್ನು ಬೇಡವೆಂದರೂ ಅಲ್ಲೇ ಬಿಟ್ಟೆ. ಹೊತ್ತು ತಂದದ್ದರಲ್ಲಿ ಅದೊಂದನ್ನಾದರೂ ಬಿಟ್ಟು ಬರೋಣ ಎನ್ನಿಸಿತ್ತು.

ವಾಪಸ್ಸು ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ತಪ್ಪಾಯ್ತು ಮಗ ಎನ್ನಬೇಕು ಎಂದು ಬಾಯಿ ತೆರೆಯುವುದು, ಕಂಡಕ್ಟರ್ ಬಂದನೆಂದು, ಯಾರೋ ಕೆಮ್ಮಿದರೆಂದು ಮುಚ್ಚುವುದು, ಇದೇ ಆಯಿತು. ಬೈಯಲು ನನಗೆ ಯಾವತ್ತೂ ಇಷ್ಟು ಯೋಚನೆ ಬೇಕಾಗಿರಲಿಲ್ಲ.

ನಂಜನಗೂಡಿನಲ್ಲಿ ಇಳಿದಾಗ ಗುರುತಿನ ಗಿರಾಕಿಯೊಬ್ಬ ಎದುರಾಗಿ, "ಏನ್ ಸಾವ್ಕಾರ್ರೇ, ಟ್ರಂಕು ಗಿಂಕು, ಎಲ್ಗೋಗಿದ್ರಿ ಅಪ್ಪ ಮಗ?" ಎಂದ. ನೆಂಟರ ಮನೆಗೆ ಎಂದು ಸುಳ್ಳು ಹೇಳಿ, ತಲೆ ತಗ್ಗಿಸಿಕೊಂಡು ಬಿರಬಿರನೆ ಮುಂದಕ್ಕೆ ನಡೆದೆ. ಸ್ಟ್ಯಾಂಡಿನ ಹೊರಗೆ ಬಂದು ತಿರುಗಿ ನೋಡಿದರೆ ಮಗ ಹಿಂದೆ ಇಲ್ಲ. ಬಸ್ಸಿಳಿದ ಜಾಗದಲ್ಲೇ ನಿಂತಿದ್ದಾನೆ. ಇನ್ನೇನಪ್ಪಾ ಇವನದು ಎಂದುಕೊಂಡು ವಾಪಸ್ಸು ಹೋದೆ.

"ಅಪ್ಪಾಜಿ," ಎಂದ ಸಣ್ಣ ದನಿಯಲ್ಲಿ, "ನಾನೂ ಮನೆಗೇ ಬರ್ಲಾ?"

ಹಂಗಿಸಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಇಲ್ಲದಿದ್ದರೆ ಇನ್ನೆಲ್ಲಿಗಾದರೂ ಕಳಿಸುತ್ತೇನೇನೋ ಎಂದು, ನಾನು ಹೇಳಿದ ಊರಿನ ಬಸ್ಸು ಹತ್ತಲು ಅಲ್ಲೇ ಕಾಯುತ್ತಿದ್ದ.

"ಬಾ ಮಗ" ಎಂದೆ. ಹೊರಗಿನವರನ್ನು ಕರೆಯುವ ಹಾಗೆ ನನ್ನ ಮಗನನ್ನು ನಾನು ಅವನದೇ ಮನೆಗೆ ಕರೆಯಬೇಕಾಯಿತು, ಅದನ್ನೂ ಬಸ್ ಸ್ಟ್ಯಾಂಡಿನಲ್ಲಿ ನಿಂತು.