ಕುಂಕುಮದ ಬೊಟ್ಟಿದ್ದ ಕಾಮಿಕ್ಸ್ ಪುಸ್ತಕಗಳು

ಪುಟ್ಟಾ, ಚಿನ್ನೂ,

ಮೊನ್ನೆ ಹಬ್ಬಕ್ಕೆ ಬಂದಾಗ ನೀವಿಬ್ಬರೂ ಜಗಲಿಯ ಮೇಲೆ ಕೂತು ಹಳೆಯ ಕಾಮಿಕ್ಸ್ ಒಂದರ ಫೋಟೋ ತೆಗೆಯುತ್ತಿದ್ದಿರಿ. ಫೋನಿನಲ್ಲೇ ಮಾರುವುದಂತೆ. ಪುಸ್ತಕದ ಮೂಲೆ ಹರಿದಿತ್ತು. ಚಿನ್ನು ಅದರ ಮೇಲೆ ಹೆಬ್ಬೆರಳಿಟ್ಟು ಹಿಡಿದುಕೊಂಡಳು, ಪುಟ್ಟ ಫೋಟೋ ಹೊಡೆದ.

"ಕಂಡೀಷನ್ ಏನಂತ ಹಾಕ್ಲಿ?" ಎಂದು ಪುಟ್ಟ ಕೇಳಿದ.

"ಸೂಪರ್ ಅಂತ ಹಾಕೋ, ಯಾರು ಬಂದು ನೋಡ್ತಾರೆ" ಎಂದಳು ಚಿನ್ನು.

ನಾನು ಪಕ್ಕದಲ್ಲೇ ಹೂ ಕಟ್ಟುತ್ತ ಕೂತಿದ್ದೆ. ಏನೋ ಹೇಳಬೇಕೆನಿಸಿತು. ಆದರೆ ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲವೆಂದು ನಿಮಗೆ ಗೊತ್ತು. ಮನೆಯವರ ಮುಂದೆಯೂ ಅಷ್ಟೆ. ಬರೆಯುವಾಗ ಸ್ವಲ್ಪ ಧೈರ್ಯ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದನ್ನು ಕಲಿಸಿದ್ದು ಮೇಷ್ಟರು, ಓದುವುದನ್ನು ಕಲಿಸಿದ್ದು ಮಾತ್ರ ನಿಮ್ಮ ತಾತ.

ತಾತನನ್ನು ನೀವು ನೋಡಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಚಿಂತಾಮಣಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅವರದೊಂದು ಪೆಟ್ಟಿಗೆ ಅಂಗಡಿಯಿತ್ತು. ಬೀಡಿ, ಬೆಂಕಿಪೊಟ್ಟಣದ ಅಂಗಡಿಯಲ್ಲ. ಚಿತ್ರಕಥೆಯ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮುಂದೆ ಒಂದು ಉದ್ದನೆಯ ಬೆಂಚು. ಟೊಮೆಟೊ ಮಾರಲು ಬಂದ ರೈತರು ಮಂಡಿಗೆ ಹೋಗುವಾಗ ಮಕ್ಕಳನ್ನು ಆ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದರು. ತೆಲುಗಿನ ಮಕ್ಕಳು, ಸಾಬರ ಮಕ್ಕಳು, ಕನ್ನಡದ ಮಕ್ಕಳು ಒಂದೇ ಪುಸ್ತಕದ ಮೇಲೆ ತಲೆ ಬಾಗಿಸಿರುತ್ತಿದ್ದವು.

ನನ್ನ ತವರು ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿ. ಮನೆಮಾತು ತೆಲುಗು. ಊರಿನ ಶಾಲೆಯಲ್ಲಿ ಒಂದಿಷ್ಟು ಕನ್ನಡ ಕಲಿತು ಬಿಟ್ಟಿದ್ದೆ. ಅಕ್ಷರ ಬರೆಯುತ್ತಿದ್ದೆ, ಕೂಡಿಸಿ ಓದಲು ತಡವರಿಸುತ್ತಿದ್ದೆ. ಮದುವೆಯಾದ ಮೇಲೆ ತಾತ ಅಂಗಡಿಯಿಂದ ಪುಸ್ತಕ ತಂದು ನನ್ನ ಮುಂದಿಡುತ್ತಿದ್ದರು. ಮಾತಿರುವ ಜಾಗವನ್ನು ಅಂಗೈಯಿಂದ ಮುಚ್ಚಿ, "ಚಿತ್ರ ನೋಡಿ ಹೇಳು, ಇವಳು ಏನಂತಿದಾಳೆ?" ಎಂದು ಕೇಳುವರು. ನನಗೆ ತೋಚಿದ್ದನ್ನು ಹೇಳಿದ ಮೇಲೆ ಕೈ ತೆಗೆಯುವರು. ನಾನು ಹೇಳಿದ್ದೇ ಅಲ್ಲಿದ್ದರೆ ನನಗಿಂತ ಅವರಿಗೇ ಹೆಚ್ಚು ಖುಷಿ.

ಪುಸ್ತಕಗಳನ್ನು ಅವರು ಹಸುಗೂಸಿನಂತೆ ನೋಡಿಕೊಳ್ಳುತ್ತಿದ್ದರು. ಪಿನ್ನು ತುಕ್ಕು ಹಿಡಿಯುತ್ತದೆಂದು ಹೊಸ ಪುಸ್ತಕ ಬಂದ ಕೂಡಲೇ ಅದನ್ನು ಕಿತ್ತುಹಾಕಿ, ಶಿಡ್ಲಘಟ್ಟದಿಂದ ತಂದ ಹಸಿ ರೇಷ್ಮೆ ನೂಲಿನಲ್ಲಿ ಬೆನ್ನು ಹೊಲಿಯುತ್ತಿದ್ದರು. ಒಳಪುಟಕ್ಕೆ ಅಂಗಡಿಯ ಮೊಹರು ಒತ್ತುತ್ತಿದ್ದರು. ಆಯುಧಪೂಜೆ ಬಂತೆಂದರೆ ಪ್ರತಿ ಪುಸ್ತಕಕ್ಕೂ ಕುಂಕುಮದ ಬೊಟ್ಟು. ಎಲ್ಲೆಂದರಲ್ಲಿ ಅಲ್ಲ, ರಕ್ಷಾಪುಟದ ಮೇಲೆ ಯಾರ ಚಿತ್ರವಿದೆಯೋ ಅವರ ಹಣೆಗೇ ಇಡಬೇಕು. ರಾಜ, ರಾಣಿ, ಕಾಗೆ, ಮೊಸಳೆ, ಎಲ್ಲರಿಗೂ.

"ರಾಕ್ಷಸನಿಗೂ ಇಡ್ತೀರಾ?" ಎಂದು ನಾನೊಮ್ಮೆ ನಕ್ಕಿದ್ದೆ.

"ಅವನೂ ವರ್ಷವೆಲ್ಲಾ ನಮ್ಮಂಗಡೀಲೇ ದುಡೀತಾನೆ ಕಣೇ. ಬಸ್ಸಿನೋರು ಬಸ್ಸಿಗೆ ಇಡ್ತಾರೆ, ನಮಗೆ ಅನ್ನ ಹಾಕೋರು ಇವರೇ ಅಲ್ವಾ?" ಎಂದಿದ್ದರು.

ಬೆಂಚಿನ ಮೇಲಿನ ಮಕ್ಕಳು ಕೆಲವೊಮ್ಮೆ ಕೊನೆಯ ಹಾಳೆಯನ್ನು ಹರಿದುಬಿಡುತ್ತಿದ್ದವು. ಅದರಲ್ಲಿ ಏನಿತ್ತೆಂದು ನೆನಪಿರುವವರನ್ನು ತಾತ ಹುಡುಕಿ ಕೇಳುತ್ತಿದ್ದರು. ಯಾರಿಗೂ ನೆನಪಿಲ್ಲದಿದ್ದರೆ ಗೆರೆಯ ಹಾಳೆಯ ಮೇಲೆ ತಾವೇ ಚೌಕ ಎಳೆದು, ಚಿತ್ರ ಬರೆದು, ಕಥೆ ಮುಗಿಸಿ ಅಂಟಿಸುತ್ತಿದ್ದರು. ಚಿತ್ರ ಅವರಿಗೆ ಬರುತ್ತಿರಲಿಲ್ಲ. ಅವರು ಬರೆದ ಮನುಷ್ಯರೆಲ್ಲ ಎಡಗಡೆಗೇ ನೋಡುತ್ತಿದ್ದರು. ಹಾಳುಬಾವಿಗೆ ಬಿದ್ದ ಹುಡುಗಿಯೊಬ್ಬಳ ಕಥೆಯಿತ್ತು. ಅದರ ಕೊನೆಯ ಹಾಳೆಯನ್ನು ಅವರು ಬರೆಯುವಾಗ ನಾನು ಪಕ್ಕದಲ್ಲಿ ಕೂತು ಸೀಮೆಎಣ್ಣೆ ದೀಪದ ಗಾಜು ಒರೆಸುತ್ತಿದ್ದೆ. "ಇವಳನ್ನ ಹೆಂಗೆ ಹತ್ತಿಸೋಣ ಹೇಳು?" ಎಂದು ನನ್ನನ್ನೇ ಕೇಳಿದರು. "ಸೆರಗು ಹರಿದು ಹಗ್ಗ ಮಾಡ್ಕೊಳ್ಳಲಿ" ಎಂದೆ. ಹಾಗೆಯೇ ಬರೆದರು.

ತೊಂಬತ್ತರ ದಶಕ ಶುರುವಾದಾಗ ಮನೆಮನೆಗೆ ಟಿವಿ ಬಂತು, ಬೆಂಚು ಖಾಲಿಯಾಯಿತು. ಒಂದು ಮಧ್ಯಾಹ್ನ ತಾತ ಅಂಗಡಿ ಮುಚ್ಚಿ ಬಂದು, "ಸ್ವಲ್ಪ ಮಲಕ್ಕೊಂತೀನಿ" ಎಂದರು. ಜ್ವರವೆಂದುಕೊಂಡೆವು. ಆಸ್ಪತ್ರೆಯಿಂದ ಅವರು ಮನೆಗೆ ಬಂದದ್ದು ಹೆಣವಾಗಿ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ.

ಪೆಟ್ಟಿಗೆ ಅಂಗಡಿಯ ಜಾಗ ಬಿಡಬೇಕಾಯಿತು. ಪುಸ್ತಕಗಳು ಮರದ ಪೆಟ್ಟಿಗೆಗಳಲ್ಲಿ ನಮ್ಮ ಒಂಟಿಕೋಣೆಯ ಬಾಡಿಗೆ ಮನೆಗೆ ಬಂದವು. ಆ ಮನೆಯನ್ನೂ ಬಿಟ್ಟು ಗೌರಿಬಿದನೂರಿನಲ್ಲಿದ್ದ ನನ್ನ ತಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಕೆಳಗಿನ ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. "ತೂಕಕ್ಕೆ ಹಾಕಿಬಿಡಕ್ಕಾ, ನಮ್ಮನೇಲಿ ಮನುಷ್ಯರಿಗೇ ಜಾಗ ಇಲ್ಲ" ಎಂದ ತಮ್ಮ. ತೂಕಕ್ಕೆ ಹಾಕಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸುತ್ತಿ ಕೊಡುತ್ತಾರೆ, ತಿಂದವರು ಕಾಗದ ಎಸೆಯುತ್ತಾರೆ. ದುಡ್ಡೂ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅವೆಲ್ಲ ಎಲ್ಲಾದರೂ ಒಟ್ಟಿಗೆ, ಅವರು ಬಿಟ್ಟುಹೋದ ಹಾಗೆಯೇ ಉಳಿಯಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಅವರದೆಂದು ಬೇರೇನೂ ಉಳಿದಿರಲಿಲ್ಲ.

ಆಗ ನಿಮ್ಮಮ್ಮ ಪಿಯುಸಿ ಓದುತ್ತಿದ್ದಳು. ಅವಳೇ ಪೇಪರಿನಲ್ಲಿ ಆ ಸಣ್ಣ ಜಾಹೀರಾತನ್ನು ನೋಡಿದ್ದು. ಬೆಂಗಳೂರಿನ ಯಾರೋ ಒಬ್ಬರು ಹಳೆಯ ಕನ್ನಡ ಚಿತ್ರಕಥೆಗಳನ್ನು ಸಂಗ್ರಹಿಸುತ್ತಾರಂತೆ. ಕೊಡುವವರು ಪುಸ್ತಕ ಯಾವ ಸ್ಥಿತಿಯಲ್ಲಿದೆ ಎಂದು ಬರೆದು, ಫೋಟೋ ಸಮೇತ ಕಳಿಸಬೇಕಂತೆ.

"ಎಲ್ಲಾ ಚೆನ್ನಾಗಿದೆ ಅಂತ ಒಂದೇ ಸಾಲು ಬರಿ ಅಮ್ಮಾ" ಎಂದಳು ನಿಮ್ಮಮ್ಮ.

"ಕುಂಕುಮ ಆಗಿದೆಯಲ್ಲೇ."

"ಆಗಿದ್ರೆ ಆಗಿದೆ. ಬೊಟ್ಟಿಟ್ಟು ಕಳಿಸ್ತೀವಿ ಅಂದ್ರೆ ಪುಸ್ತಕಕ್ಕೂ ಗಂಡು ಹುಡುಕ್ತಿದೀವಿ ಅನ್ಕೊಂತಾರೆ."

ನಾನು ಕೇಳಲಿಲ್ಲ. ನಮ್ಮಪ್ಪ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗುತ್ತಿದ್ದರು. ಬೇರೆಯವರು ಕಲೆಯಾದ ಗೂಡನ್ನು ರಾಶಿಯ ಅಡಿಗೆ ತಳ್ಳಿದರೆ, ಅಪ್ಪ ಅದನ್ನು ಆರಿಸಿ ಮೇಲೆಯೇ ಇಡುತ್ತಿದ್ದರು. ಕೊಳ್ಳುವವರು ಕೈ ಹಾಕಿ ಕಲಕಿದಾಗ ಒಳಗೆ ಒಳ್ಳೆಯದೇ ಸಿಗಬೇಕು, ಆಗ ಅವರು ಮುಂದಿನ ಸಲವೂ ನಮ್ಮ ರಾಶಿಗೇ ಬರುತ್ತಾರೆ ಎನ್ನುತ್ತಿದ್ದರು. ನನಗೆ ಗೊತ್ತಿದ್ದ ವ್ಯಾಪಾರವೆಂದರೆ ಅದೊಂದೇ. ಹಾಗಾಗಿ ಪ್ರತಿ ಪುಸ್ತಕವನ್ನೂ ತೊಡೆಯ ಮೇಲಿಟ್ಟು ಬೆಳಕಿಗೆ ಹಿಡಿದು ಬರೆದೆ. ಇದರಲ್ಲಿ ರಾಣಿಯ ಹಣೆಗೆ ಕುಂಕುಮವಿದೆ. ಇದರ ಪಿನ್ನು ತೆಗೆದು ನೂಲಿನಲ್ಲಿ ಹೊಲಿದಿದೆ. ಇದರ ಒಳಪುಟದಲ್ಲಿ ಮೊಹರಿದೆ. ಇದರ ಕೊನೆಯ ಹಾಳೆ ಅಚ್ಚಾದದ್ದಲ್ಲ, ನಮ್ಮ ಯಜಮಾನರು ಕೈಯಲ್ಲಿ ಬರೆದದ್ದು. ಬರೆಯುತ್ತ ಬರೆಯುತ್ತ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಕುಂದು ಬರೆಯುತ್ತಿದ್ದೇನೆಂದೇ ನನಗೆ ಅನಿಸಲಿಲ್ಲ. ಅವರ ಬಗ್ಗೆ ಬರೆಯುತ್ತಿದ್ದೇನೆ ಎನಿಸುತ್ತಿತ್ತು.

ಫೋಟೋಗೆಂದು ಚಿಂತಾಮಣಿಯ ಸ್ಟುಡಿಯೋಗೆ ಹೋದೆವು. ಅಲ್ಲಿನ ಸಾಬರು ಪುಸ್ತಕಗಳನ್ನು ಬಣ್ಣದ ಪರದೆಯ ಮುಂದೆ ಕುರ್ಚಿಯ ಮೇಲೆ ಜೋಡಿಸಿದರು. ನಾನು ನಿಮ್ಮಮ್ಮನ ಕಿವಿಯಲ್ಲಿ ಹೇಳಿದೆ, ಅವಳು ಅವರಿಗೆ ಹೇಳಿದಳು. ಕಲೆಯಾದವು ಮುಂದೆ ಬರಬೇಕು, ಕೈಬರಹದ ಹಾಳೆಗಳನ್ನು ಬಿಚ್ಚಿಟ್ಟು ಹತ್ತಿರದಿಂದ ತೆಗೆಯಬೇಕು ಎಂದು.

ಸಾಬರು ಕ್ಯಾಮೆರಾ ಬಿಟ್ಟು ನನ್ನ ಮುಖ ನೋಡಿದರು. "ಏನಕ್ಕಾ ಇದು? ನನ್ ಹತ್ರ ಬರೋರೆಲ್ಲ ಮುಖದ ಮೇಲಿನ ಮಚ್ಚೆ ಅಳಿಸಿಕೊಡಿ ಅಂತಾರೆ. ನೀವು ಮಚ್ಚೇನೇ ತೆಗೀರಿ ಅಂತೀರಲ್ಲ!"

"ನಮ್ಮಮ್ಮ ಅಂಗೇ ಸಾಬ್ರೇ, ಬಿಡಿ" ಎಂದಳು ನಿಮ್ಮಮ್ಮ.

ಬಾವಿಯ ಹುಡುಗಿಯ ಹಾಳೆಯ ಮೇಲೆ ದೀಪದ ಬೆಳಕು ಬಿದ್ದು ಒಂದು ಕಡೆ ಬೆಳ್ಳಗಾಯಿತು. ಇನ್ನೊಂದು ಸಲ ತೆಗೆಯುತ್ತೇನೆ ಎಂದರು ಅವರು. ನಾನೇ ಬೇಡವೆಂದು ಕೈಯಾಡಿಸಿದೆ. ಫೋಟೋಗಳ ಇನ್ನೊಂದು ಪ್ರತಿಯನ್ನು ನಮಗೆಂದು ಹಾಕಿಸಿಕೊಂಡೆವು.

ಕಾಗದ ತಲುಪಿದ ಸ್ವಲ್ಪ ದಿನಕ್ಕೆ ಆ ದೊಡ್ಡ ಮನುಷ್ಯರು ತಾವೇ ಬಂದರು. ನೆರೆತ ಕೂದಲು, ಇಸ್ತ್ರಿ ಹಾಕಿದ ಶರ್ಟು. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಪುಸ್ತಕ ಮುಟ್ಟುವ ಮೊದಲು ಕರ್ಚೀಫಿನಿಂದ ಬೆರಳು ಒರೆಸಿಕೊಂಡರು. ಅದನ್ನು ನೋಡಿದ ಕೂಡಲೇ ನನ್ನ ಮನಸ್ಸು ಪುಸ್ತಕಗಳನ್ನು ಅವರಿಗೇ ಕೊಟ್ಟುಬಿಟ್ಟಿತ್ತು.

"ಎಷ್ಟೋ ಜನ ಬರೀತಾರೆ ತಾಯಿ, ಹೊಸದರ ಹಾಗಿದೆ ಅಂತ. ಬಂದು ನೋಡಿದ್ರೆ ಅರ್ಧ ಪುಸ್ತಕ ಇರಲ್ಲ. ನೀವು ಬರೆದ ಹಾಗೆ ಇವತ್ತಿನವರೆಗೂ ಯಾರೂ ಬರೆದಿಲ್ಲ" ಎಂದರು. ನಾನು ಅಡುಗೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕಾಫಿ ಸೋಸುತ್ತಿದ್ದೆ. ಸೋಸಿದ್ದನ್ನೇ ಇನ್ನೊಮ್ಮೆ ಸೋಸಿದೆ. ಅವರು ಒಂದನ್ನೂ ಬಿಡದೆ ಎಲ್ಲವನ್ನೂ ಕೊಂಡರು. ಕಾರಿನ ಹಿಂದಿನ ಸೀಟಿಗೆ ಬೆಡ್‌ಶೀಟ್ ಹಾಸಿ ಪೆಟ್ಟಿಗೆಗಳನ್ನು ಇಟ್ಟರು. "ಬೆಂಗಳೂರಿಗೆ ಬಂದ್ರೆ ನಮ್ಮನೆಗೆ ಬನ್ನಿ, ನಿಮ್ಮ ಪುಸ್ತಕ ನೋಡ್ಕೊಂಡು ಹೋಗಿ" ಎಂದು ಹೇಳಿ ಹೋದರು. ನಾವು ಗೌರಿಬಿದನೂರಿಗೆ ಬಂದೆವು. ತಮ್ಮನ ಮನೆಯ ಮೂಲೆಯಲ್ಲಿ ಮಲಗಿದಾಗಲೂ, ಅವು ಗೆದ್ದಲಿಲ್ಲದ ಮನೆಯಲ್ಲಿವೆ ಎಂದು ನೆನೆದರೆ ನನಗೆ ನಿದ್ದೆ ಬರುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ವರ್ಷ ನಿಮ್ಮಮ್ಮನ ಯಾವುದೋ ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ಅವರ ಮನೆಗೂ ಹೋದೆವು. ಅವರು ನಿಜವಾಗಿಯೂ ಸಂತೋಷಪಟ್ಟರು. ಗಾಜಿನ ಬೀರು ತೆಗೆದರು. ಪ್ರತಿ ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು. ಸಾಲಾಗಿ, ಒಟ್ಟಿಗೆ ಇದ್ದವು. ಆದರೆ ನನಗೆ ಯಾವುದರ ಗುರುತೂ ಹತ್ತಲಿಲ್ಲ. ರಾಣಿಯ ಹಣೆ ಬರಿದಾಗಿತ್ತು. ರಾಕ್ಷಸನದೂ. ಬೆನ್ನಿಗೆ ನೂಲಿರಲಿಲ್ಲ, ಹೊಸ ಪಿನ್ನು ಹೊಳೆಯುತ್ತಿತ್ತು.

ನಾನು ನಿಮ್ಮಮ್ಮನ ಕಡೆ ನೋಡಿದೆ. ಅವಳು, "ಸರ್, ಆ ಬಾವಿ ಕಥೆ ಪುಸ್ತಕ…" ಎಂದಳು.

"ಓ, ಅದಾ? ಅದೇ ನೋಡಿ ನನಗೆ ಹೆಮ್ಮೆ!" ಎಂದು ತೆಗೆದು ಕೊನೆಯ ಪುಟ ತೋರಿಸಿದರು. ಅಚ್ಚಾದ ಹಾಳೆ. ಬಣ್ಣ ಬಣ್ಣದ ರಾಜಕುಮಾರನೊಬ್ಬ ಕುದುರೆಯಿಂದ ಇಳಿದು ಬಾವಿಗೆ ಹಗ್ಗ ಬಿಡುತ್ತಿದ್ದ. "ಇನ್ನೊಂದು ಹರಕು ಪ್ರತಿ ಸಿಕ್ತು, ಅದರಿಂದ ಒರಿಜಿನಲ್ ಹಾಳೆ ತೆಗೆದು ಹಾಕಿಸಿದೆ. ಬೇರೇವೂ ಹಾಗೇ. ಎಲ್ಲಾ ನಿಮ್ಮ ಉಪಕಾರ ತಾಯಿ. ಎಲ್ಲೆಲ್ಲಿ ಏನೇನು ಕೆಟ್ಟಿದೆ ಅಂತ ಅಷ್ಟು ಚೊಕ್ಕವಾಗಿ ಬರೆದಿದ್ರಲ್ಲ, ನಿಮ್ಮ ಕಾಗದ ಮುಂದಿಟ್ಕೊಂಡೇ ಒಂದೊಂದನ್ನೂ ಸರಿಮಾಡಿಸಿದೆ. ಹುಡುಕೋ ಕೆಲಸಾನೇ ಇರ್ಲಿಲ್ಲ."

"ಆ ಕೈಬರಹದ ಹಾಳೆಗಳು?" ಎಂದು ನಿಮ್ಮಮ್ಮ ಕೇಳಿದಳು.

ಅವರು ಪುಸ್ತಕವನ್ನು ಮತ್ತೆ ಕವರಿನೊಳಗೆ ತೂರಿಸಿದರು. "ಬೈಂಡಿಂಗ್‌ನೋರ ಹತ್ರ ಇತ್ತು… ಎಸೆದಿರ್ತಾರೆ ಅಲ್ವಾ? ಬೇಕಿತ್ತಾ ನಿಮಗೆ?"

ನಿಮ್ಮಮ್ಮ ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ. "ಚೆನ್ನಾಗಿದೆ ಸ್ವಾಮಿ" ಎಂದೆ. ಆ ಮನುಷ್ಯರ ಮುಂದೆ ನಾನು ಆಡಿದ ಮಾತು ಅದೊಂದೇ.

ಗೌರಿಬಿದನೂರಿನ ಬಸ್ಸಿನಲ್ಲಿ ನಿಮ್ಮಮ್ಮ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. "ಅವಾಗ್ಲೇ ಹೇಳಿದ್ನಲ್ಲಮ್ಮಾ, ಒಂದೇ ಸಾಲು ಬರಿ ಅಂತ."

"ಅವರದೇನೂ ತಪ್ಪಿಲ್ಲ ಕಣೇ" ಎಂದೆ.

ತಪ್ಪು ನನ್ನದೂ ಅಲ್ಲವೆಂದು ಎಷ್ಟೋ ವರ್ಷಗಳಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಹೇಳಿಕೊಂಡು ಏನೂ ಹಗುರಾಗಲಿಲ್ಲ. ನಾನು ಸುಳ್ಳು ಬರೆದಿದ್ದರೆ ಅವರು ಬೈದುಕೊಂಡು ಹೋಗುತ್ತಿದ್ದರು. ಪುಸ್ತಕಗಳು ಗೆದ್ದಲಿಗೋ ಕಡಲೆಕಾಯಿಯವನಿಗೋ ಹೋಗುತ್ತಿದ್ದವು. ಆದರೆ ಹೋಗುವಾಗ ರಾಣಿಯ ಹಣೆಯಲ್ಲಿ ಬೊಟ್ಟಿರುತ್ತಿತ್ತು. ನಿಜ ಬರೆದೆ, ಪುಸ್ತಕಗಳು ಉಳಿದವು, ಅವುಗಳಲ್ಲಿದ್ದ ನಿಮ್ಮ ತಾತ ಹೋದರು. ಅವರ ಕೈ ತಾಗಿದ ಒಂದೊಂದು ಜಾಗವನ್ನೂ ನಾನೇ ಬೆರಳಿಟ್ಟು ತೋರಿಸಿದ್ದೆ. ಇದಕ್ಕೆ ಸಮಾಧಾನ ಯಾರ ಹತ್ತಿರವೂ ಇಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ಅದಕ್ಕೇ ಮೊನ್ನೆ ಚಿನ್ನು ಮೂಲೆಗೆ ಹೆಬ್ಬೆರಳಿಟ್ಟಾಗ ತೆಗೆ ಎನ್ನಲೂ ಆಗಲಿಲ್ಲ, ಇರಲಿ ಎನ್ನಲೂ ಆಗಲಿಲ್ಲ.

ಸ್ಟುಡಿಯೋದಲ್ಲಿ ನಮಗೆಂದು ಹಾಕಿಸಿಕೊಂಡ ಫೋಟೋಗಳನ್ನು ಈ ಕಾಗದದ ಹಿಂದೆ ಅಂಟಿಸಿದ್ದೇನೆ. ಬಾವಿಯ ಹುಡುಗಿ ಅರ್ಧಕ್ಕೇ ಕಾಣುತ್ತಾಳೆ. ಅವಳು ಸೆರಗಿನ ಹಗ್ಗ ಹಿಡಿದು ಹತ್ತುತ್ತಿರುವುದು ಕಾಣುತ್ತದೆ. ಮೇಲೆ ಬಂದ ಮೇಲೆ ಏನೋ ಹೇಳುತ್ತಾಳೆ, ಅಲ್ಲಿ ದೀಪದ ಬೆಳಕು ಬಿದ್ದಿದೆ. ತಾತ ಏನು ಬರೆದಿದ್ದರೆಂದು ನನಗೆ ನೆನಪಾಗುತ್ತಿಲ್ಲ. ಮೊದಲೆಲ್ಲ ನೆನಪಿತ್ತು. ಆ ಜಾಗವನ್ನು ಅಂಗೈಯಿಂದ ಮುಚ್ಚಿ, ಚಿತ್ರ ನೋಡಿ, ಅವಳು ಏನಂತಿದ್ದಾಳೆಂದು ಎಷ್ಟೋ ಸಲ ಊಹಿಸಿದ್ದೇನೆ. ಕೈ ತೆಗೆದರೆ ಅಲ್ಲಿ ಬರೀ ಬಿಳುಪು.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಇವುಗಳ ಮೇಲೆ ಎಣ್ಣೆಯ ಕಲೆಯಿದೆ, ಒಂದು ಕಡೆ ಶಾಯಿ ಹರಡಿದೆ, ನನ್ನ ಕಾಗುಣಿತ ಅಲ್ಲಲ್ಲಿ ತಪ್ಪಿದೆ. ಯಾವುದನ್ನೂ ಸರಿಮಾಡಬೇಡಿ.