ಮೂರು ಊರಿನ ಟೇಲರ್ ಮಾಮಾ

ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಮಷಿನ್ನಿನ ಸೂಜಿ ಒಮ್ಮೆ ಅದರೊಳಗಿಂದ ಹಾದುಹೋಗಿತ್ತಂತೆ. ಆ ಬೆರಳಿಗೆ ಸದಾ ಸೀಮೆಸುಣ್ಣದ ಪುಡಿ, ಕಿವಿಯಲ್ಲಿ ಅತ್ತರಿನ ಹತ್ತಿ, ಕೊರಳಲ್ಲಿ ಟೇಪು. ಟೇಪು ಬರೀ ಶೋಕಿಗೆ. ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವಳ ತೋಳು, ಬೆನ್ನು, ಕೊರಳಿನ ಅಳತೆ ಅವರ ಕಣ್ಣಿಗೆ ಸಿಕ್ಕಿಬಿಡುತ್ತಿತ್ತು. ನಾನು ಅವರನ್ನು ಟೇಲರ್ ಮಾಮಾ ಎನ್ನುತ್ತಿದ್ದೆ. ಹಾಗೆ ಕರೆಯಬೇಕೆಂದು ಅವ್ವ ಕಲಿಸಿದ್ದಳು.

ಆಳಂದದಲ್ಲಿ ಅವರ ಅಂಗಡಿ, ಕಟ್ಟಿಕೊಂಡ ಹೆಂಡತಿ, ಇಬ್ಬರು ಗಂಡುಮಕ್ಕಳು. ಅಫಜಲಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೊಂದು ಮಷಿನ್ನು, ವಾರಕ್ಕೆರಡು ದಿನ ಅಲ್ಲಿ ಠಿಕಾಣಿ. ಜೇವರ್ಗಿಯಲ್ಲಿ ಖಾನಾವಳಿ ನಡೆಸುವ ಒಬ್ಬಾಕೆಯ ಪಡಸಾಲೆಯಲ್ಲಿ ಇನ್ನೊಂದು. ಮೂರೂ ಊರಿನ ಗಂಡಸರು ಅವರನ್ನು ಬಾಯಿತುಂಬ ಬೈಯುತ್ತಿದ್ದರು. ಬೈಯುತ್ತಲೇ, ಹಬ್ಬ ಬಂತೆಂದರೆ ಹೆಂಡಿರ ಕುಬಸದ ಬಟ್ಟೆಯನ್ನು ಅವರಿಗೇ ತಂದುಕೊಡುತ್ತಿದ್ದರು. ನಮ್ಮ ಕಡೆ ರವಿಕೆಗೆ ಕುಬಸ ಎನ್ನುತ್ತಾರೆ.

ಅವ್ವ ಗಂಡ ಸತ್ತವಳು. ನನ್ನ ಶಾಲೆಯ ದಾಖಲೆಯಲ್ಲಿ ಅಪ್ಪ ಎಂದು ಬರೆಸಿದ್ದು, ನಾನು ಹುಟ್ಟುವ ಮೂರು ವರ್ಷ ಮೊದಲೇ ತೀರಿಕೊಂಡವರ ಹೆಸರು. ಊರಿಗೆಲ್ಲ ಗೊತ್ತಿದ್ದ ಸಂಗತಿ ನನಗೆ ತಿಳಿದದ್ದು ತಡವಾಗಿ, ಕನ್ನಡಿಯಲ್ಲಿ ಅವರ ಮೂಗು ನನ್ನ ಮುಖದ ಮೇಲೆ ಕಂಡಾಗ. ಸಿಟ್ಟಿನಿಂದ ಅವ್ವನನ್ನು ಕೇಳಿದೆ, "ಇಂಥವನ್ನ ಹ್ಯಾಂಗ ನಂಬಿದಿ ಬೇ?"

"ನನ್ನ ಮಾತು ಪೂರಾ ಕೇಳಿದ ಗಂಡಸು ಅವನೊಬ್ಬನ," ಎಂದಳು ಅವ್ವ. "ನಡುವ ಬಾಯಿ ಹಾಕಿದವ ಅಲ್ಲ."

ಒಮ್ಮೆ ಅವರ ಚೀಲದಲ್ಲಿ ಅವ್ವನಿಗೆ ಒಂದು ಹೊಸ ಕುಬಸ ಸಿಕ್ಕಿತು. ಅದು ಅವಳ ಅಳತೆಯದಲ್ಲ. ಎತ್ತಿ ಹಿಡಿದು ನೋಡಿ, "ಜೇವರ್ಗಿಯಾಕಿದೇನು? ತೋಳು ಬಿಗಿ ಆಗ್ಯಾವ, ಜರಾ ಬಿಡಸು," ಎಂದಳು. ಅವರು ತಲೆ ಎತ್ತದೆ, "ನಾ ಯಾರಿಗೂ ಸುಳ್ಳ ಹೇಳಿಲ್ಲ. ಎಲ್ಲಾರಿಗೂ ಖರೇನ ಹೇಳೀನಿ, ಅರ್ಧಾ ಅರ್ಧಾ," ಎಂದು ನಕ್ಕರು. ಅವ್ವನೂ ನಕ್ಕಳು. ಆಮೇಲೆ ಒಲೆಯ ಮುಂದೆ ಕೂತು ಬಹಳ ಹೊತ್ತು ಅತ್ತಳು.

ನನ್ನನ್ನು ಭೂಸನೂರಿಗೆ ಕೊಟ್ಟರು, ಕಬ್ಬು ಬೆಳೆಯುವ ಮನೆ. ಮೊದಲ ಬಸಿರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ತಂದು ಆರತಿ ಮಾಡುವ ಪದ್ಧತಿ ನಮ್ಮದು. ಅವ್ವನ ಹಿಂದೆ ಅವರೂ ಬಂದರು, ಕೈಯಲ್ಲಿ ಕಾಗದದ ಪೊಟ್ಟಣ. ಎರಡು ತಿಂಗಳ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನನ್ನು ಒಮ್ಮೆ ನೋಡಿದ್ದಷ್ಟೇ. ಏಳು ತಿಂಗಳ ಮೈಗೆ ಆ ಕುಬಸ ಒಂದು ನೂಲೂ ಹೆಚ್ಚುಕಮ್ಮಿಯಾಗದೆ ಕೂತಿತು.

ಅತ್ತೆ ಅವರನ್ನು ಕೇಳಿದರು, "ನೀವು ಹುಡುಗಿಗಿ ಏನಾಗಬೇಕ್ರಿ?"

ನನಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು.

"ನಾ ಟೇಲರ್ ರೀ. ಕುಬಸ ಕೊಡಾಕ ಬಂದೀನಿ," ಎಂದರು.

ಒಳಗೆ ಹೋಗಿ ಅದನ್ನು ಕಿತ್ತೆಸೆದು ಪೇಟೆಯಿಂದ ತಂದ ಬೇರೆ ಕುಬಸ ತೊಟ್ಟು ಆರತಿಗೆ ಕೂತೆ. ಅವರು ನೋಡಿದರು. ಊಟಕ್ಕೆ ನಿಲ್ಲದೆ ಬಸ್ ಹತ್ತಿದರು. ಅಂದು ಅವರು ಬಾಯಿ ಬಿಟ್ಟಿದ್ದರೆ ನನ್ನ ಸಂಸಾರ ಅಲ್ಲೇ ಮುರಿಯುತ್ತಿತ್ತು ಎಂಬುದು ಹೊಳೆಯಲು ನನಗೆ ವರ್ಷಗಳೇ ಬೇಕಾದವು. ಅಷ್ಟೂ ವರ್ಷ ನಾನು ಅವರೊಂದಿಗೆ ಮಾತಾಡಲಿಲ್ಲ. ಆ ಮೂರ್ಖತನಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಹೋದ ವರ್ಷ ಆಳಂದದಿಂದ ಫೋನು ಬಂತು, ಅವರು ತೀರಿಕೊಂಡರೆಂದು. ಮಣ್ಣಿಗೆ ಹೋದೆವು. ಅವ್ವ ಮತ್ತು ಜೇವರ್ಗಿಯಾಕೆ ಜನರ ಹಿಂದೆ ಒಬ್ಬರಿಗೊಬ್ಬರು ಒರಗಿ ನಿಂತಿದ್ದರು, ಗಟ್ಟಿಯಾಗಿ ಅಳುವ ಹಕ್ಕೂ ಇಲ್ಲದವರಂತೆ. ಹಿರಿಮಗ ಹಿಡಿ ಮಣ್ಣು ಹಾಕಿದ, ಕಿರಿಯವನೂ ಹಾಕಿದ. ಮಕ್ಕಳು ಹಾಕಿದ ಮೇಲೆಯೇ ಉಳಿದವರ ಸರದಿ. ನೆರೆಯವರು ಮುಂದೆ ಬರುತ್ತಿದ್ದಂತೆ ಆಳಂದದ ಹೆಂಡತಿ ಕೈ ಅಡ್ಡ ಹಿಡಿದರು. ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ತಡೀರಿ. ಇನ್ನೊಂದು ಕೂಸು ಉಳದದ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮೂಗನ್ನೇ ನೋಡುತ್ತ, "ಹಿಂದ್ಯಾಕ ನಿಂತಿ ಬೇ? ಬಾ. ನಿಮ್ಮಪ್ಪಗ ಮಣ್ಣು ಕೊಡು."

ಅವರಿಂದ ಎಲ್ಲರಿಗಿಂತ ಹೆಚ್ಚು ನೊಂದ ಹೆಂಗಸು ನನಗೆ ಅವರನ್ನು ಕೊಟ್ಟಳು. ಹಿಡಿ ಮಣ್ಣು ತುಂಬಿಕೊಂಡು, ಜನ್ಮದಲ್ಲಿ ಮೊದಲ ಸಲ, ಎಲ್ಲರೆದುರು "ಅಪ್ಪಾ" ಎಂದೆ. ಇಡೀ ಆಳಂದಕ್ಕೆ ಕೇಳಿಸಿತು, ಅವರೊಬ್ಬರನ್ನು ಬಿಟ್ಟು.