ಪಾತ್ರೆಯಲ್ಲಿ ಉಳಿದದ್ದು

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಹಿಂದಿನ ದಿನ ಬೆಳ್ಳಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಬೆಳಗುವುದು, ಪೀಠದ ಬಿಳಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು, ದ್ರಾಕ್ಷಾರಸ ಮಾಡುವುದು ನನ್ನ ಪಾಲಿನ ಕೆಲಸ. ಯಾರೂ ವಹಿಸಿದ್ದಲ್ಲ. ಮೊದಲು ಅಮ್ಮ ಮಾಡುತ್ತಿದ್ದಳು, ಅವಳಿಗೆ ಮಂಡಿನೋವು ಬಂದ ಮೇಲೆ ನನ್ನ ತಲೆಗೆ ಬಂತು. ವಿಜಯನಗರದ ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ಬಿಡಿಸಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಸಕ್ಕರೆ ಬೆರೆಸಿ ಆರಲು ಇಡಬೇಕು. ಅಡುಗೆಮನೆ ತುಂಬ ನೇರಳೆ ಕಲೆಯಾಗುತ್ತದೆ. ‘ಇದರಲ್ಲಿ ಅರ್ಧ ಶ್ರದ್ಧೆ ನಮ್ಮನೆ ಸಾರಿಗೂ ಇದ್ದಿದ್ರೆ’ ಎಂದು ಗಂಡ ತಿಂಗಳಿಗೊಮ್ಮೆ ಚುಚ್ಚದೆ ಬಿಡುವುದಿಲ್ಲ.

ಆ ಒಂದೇ ಪಾತ್ರೆಯಿಂದ ಇಡೀ ಸಭೆ ಒಂದೊಂದು ಗುಟುಕು ಕುಡಿಯುತ್ತದೆ. ಪೀಠದ ಮುಂದಿನ ಮರದ ಕಟಾಂಜನದ ಹತ್ತಿರ ಸಾಲಾಗಿ ಮಂಡಿಯೂರುತ್ತೇವೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಒಬ್ಬರಿಗೆ ಕುಡಿಸಿ, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಪಕ್ಕದವರಿಗೆ ಹಿಡಿಯುತ್ತಾರೆ. ರಾಜಾಜಿನಗರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ, ಗದಗದ ಕಡೆಯ ಮೇಡಂ ಒಬ್ಬರು ಇದನ್ನು ಕೇಳಿ ಮುಖ ಕಿವುಚಿದ್ದರು.

“ಅಲ್ರೀ, ನಿಮ್ಮೊಳಗ ಎಂಜಲಾ ಅನ್ನೂದಿಲ್ಲೇನ್ರಿ?”

“ಎಂಜಲೇ ರೀ. ಅದಕ್ಕೇ ಕುಡಿಯೋದು” ಎಂದಿದ್ದೆ.

ಹಾಗೆ ಹೇಳುವಾಗ ನನಗೆ ಸ್ವಲ್ಪ ಜಂಬವೇ ಇತ್ತು. ನಮ್ಮಲ್ಲಿ ಮೇಲಿಲ್ಲ ಕೀಳಿಲ್ಲ, ಎಲ್ಲರ ತುಟಿಗೂ ಒಂದೇ ಪಾತ್ರೆ ಎಂದು ಅವರಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಪಾಪ, ಅವರು ತಮ್ಮ ಡಬ್ಬಿಯ ರೊಟ್ಟಿ ತಿನ್ನುತ್ತಾ ಸುಮ್ಮನೆ ಕೇಳಿದರು.

ಈಗ ತಂಗಿಯ ವಿಷಯ. ಅವಳ ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ, ಲಗ್ಗೆರೆಯಲ್ಲಿ ಬಾಡಿಗೆ ಮನೆ. ಒಂದು ವರ್ಷ ಜ್ವರ, ಕೆಮ್ಮು, ಭೇದಿ ಎಂದು ನರಳಿ ಹೋದ. ಸಾಯುವ ಮುಂಚೆ ಆಸ್ಪತ್ರೆಯವರು ಕಾಯಿಲೆಯ ಹೆಸರು ಹೇಳಿದರು. ಆಮೇಲೆ ತಂಗಿಯ ರಕ್ತವನ್ನೂ ಪರೀಕ್ಷೆ ಮಾಡಿದರು, ಅವಳಿಗೂ ಎಚ್‌ಐವಿ ಇತ್ತು. ಮಕ್ಕಳಿರಲಿಲ್ಲ. ಬಸವೇಶ್ವರನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ನನ್ನ ಗಂಡ ಎರಡನೆಯ ಮಾತು ಆಡಲಿಲ್ಲ, ಅವಳ ಹೊಲಿಗೆ ಮೆಷಿನ್ನನ್ನು ತಾವೇ ಆಟೋಗೆ ಹತ್ತಿಸಿಕೊಂಡು ಬಂದರು. ಸತ್ತವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ಸಮಾಧಿಯ ಹತ್ತಿರ ಕಣ್ಣೀರೇ ಬರಲಿಲ್ಲ. ತಂಗಿ ಮಾತ್ರ ಅವನನ್ನು ಒಂದು ದಿನವೂ ಬೈಯಲಿಲ್ಲ. ‘ಅವರಿಗೂ ಗೊತ್ತಿರ್ಲಿಲ್ಲ ಅಕ್ಕ. ಕೊನೇಲಿ ನನ್ನ ಮುಖ ನೋಡೋಕೇ ಹೆದರ್ತಿದ್ರು’ ಎನ್ನುತ್ತಿದ್ದಳು. ಕ್ಷಮೆಯ ಮೇಲೆ ಚರ್ಚಿನಲ್ಲಿ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಕ್ಷಮೆ ಹೇಗಿರುತ್ತದೆ ಎಂದು ನೋಡಿದ್ದು ಮಾತ್ರ ಆಗ.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಅಲ್ಲಿಯ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು, ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಲೋಟದಲ್ಲಿ ಕುಡಿದರೂ ಇದು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ಎಲ್ಲರೂ ನಂಬಿದೆವು. ತಂಗಿ ಮೈ ಕೈ ತುಂಬಿಕೊಂಡಳು, ಬೀದಿಯ ಹೆಂಗಸರ ರವಿಕೆ ಹೊಲಿಯತೊಡಗಿದಳು. ಸಭೆಯಲ್ಲಿ ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿದ್ದೆವು. ಆದರೆ ನಮ್ಮ ಮನೆಯಲ್ಲಿ ಅಮ್ಮನಿದ್ದಾಳೆ, ಅವಳ ಪ್ರಾರ್ಥನೆಯಿದೆ. ಅದನ್ನು ಮರೆತೆವು.

ಅಮ್ಮ ದೇವರೊಂದಿಗೆ ಮುಚ್ಚುಮರೆ ಇಟ್ಟುಕೊಂಡವಳಲ್ಲ. ಗ್ಯಾಸ್ ಸಿಲಿಂಡರ್ ತಡವಾದದ್ದು, ಅಳಿಯನ ಮೂಲವ್ಯಾಧಿ, ಪಕ್ಕದ ಮನೆಯವರ ನಾಯಿ, ಎಲ್ಲವನ್ನೂ ವಿವರವಾಗಿ, ಗಟ್ಟಿಯಾಗಿ, ಕಣ್ಣೀರು ಸುರಿಸುತ್ತಾ ಒಪ್ಪಿಸುತ್ತಾಳೆ. ಒಂದು ಬುಧವಾರ ಹೆಂಗಸರ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲೇ ಇತ್ತು. ಎಲ್ಲರೂ ಸೆರಗು ಹೊದ್ದು ಕಣ್ಣು ಮುಚ್ಚಿದ್ದೆವು. ಅಮ್ಮನ ಸರದಿ ಬಂತು.

“ಕರ್ತನೇ, ನನ್ನ ಚಿಕ್ಕ ಮಗಳನ್ನ ನೋಡಪ್ಪಾ. ಅವಳ ರಕ್ತದಲ್ಲಿರೋ ಆ ಎಚ್‌ಐವೀನ ನೀನೇ ತೆಗೆದುಹಾಕು. ಗಂಡನಿಂದ ಬಂದಿದ್ದು, ಅವಳದೇನೂ ತಪ್ಪಿಲ್ಲ ಅಂತ ನಿಂಗೊತ್ತು.”

ಪ್ರತಿ ವಾಕ್ಯಕ್ಕೂ ಬರುತ್ತಿದ್ದ ‘ಆಮೆನ್’ ಅಲ್ಲಿಗೆ ನಿಂತುಹೋಯಿತು. ನಾನು ಕಣ್ಣು ಬಿಟ್ಟೆ. ಎದುರಿಗೆ ಇನ್ನೊಂದು ಜೊತೆ ಕಣ್ಣು ತೆರೆದಿತ್ತು. ಚಿಕ್ಕಂದಿನಲ್ಲಿ ನನಗೂ ತಂಗಿಗೂ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದ ಟೀಚರ್ ಅವರು, ಈಗ ಸಭೆಯ ಕಮಿಟಿಗೆ ಕಾರ್ಯದರ್ಶಿ. ಇಬ್ಬರೂ ತಟ್ಟನೆ ಮತ್ತೆ ಕಣ್ಣು ಮುಚ್ಚಿಕೊಂಡೆವು. ಕೂಟ ಮುಗಿದ ಮೇಲೆ ತಂಗಿಯೇ ಖಾರಾಭಾತ್ ತಟ್ಟೆಗಳನ್ನು ತಂದಳು. ಅವತ್ತು ಇದ್ದಕ್ಕಿದ್ದಂತೆ ಅರ್ಧ ಜನಕ್ಕೆ ಉಪವಾಸ ನೆನಪಾಯಿತು.

ಎಲ್ಲರೂ ಹೋದ ಮೇಲೆ ನಾನು ಅಮ್ಮನ ಮೇಲೆ ಹರಿಹಾಯ್ದೆ.

“ನಾನು ದೇವರಿಗೆ ಹೇಳಿದ್ದು ಕಣೇ, ಅವರಿಗಲ್ಲ” ಎಂದಳು. ನಿಜಕ್ಕೂ ಅವಳಿಗೆ ಅಷ್ಟೇ ಹೊಳೆದಿತ್ತು.

ತಂಗಿ ಮಿಕ್ಕ ಖಾರಾಭಾತನ್ನು ಪಾತ್ರೆಗೆ ಸುರಿಯುತ್ತಾ, “ದೇವರಿಗೆ ಮೊದಲೇ ಗೊತ್ತಿತ್ತಮ್ಮ” ಎಂದಳು. ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಮುಂದಿನ ಕರ್ತನ ಭೋಜನದ ದಿನ ತಂಗಿ ಸಾಲಿನಲ್ಲಿ ಮಂಡಿಯೂರಿದಳು. ಅವಳ ಬಲಕ್ಕೆ, ಅವಳಾದ ಮೇಲೆ ಕುಡಿಯಬೇಕಿದ್ದವರು ಎದ್ದು, ಪಾತ್ರೆ ಮೊದಲು ಬರುವ ಎಡತುದಿಗೆ ಹೋದರು. ಹಿಂದೆ ಕಾಯುತ್ತಿದ್ದವರು ಮುಂದಿನ ಸಾಲಿಗೆ ಬರುತ್ತೇವೆಂದು ಬೆಂಚಿಗೆ ವಾಪಸಾದರು. ಎಲ್ಲ ಬಹಳ ಸಭ್ಯವಾಗಿ ನಡೆಯಿತು. ಅವಳ ಬಲಗಡೆ ಕಟಾಂಜನ ಖಾಲಿಯಾಗಿ ಹೊಳೆಯುತ್ತಿತ್ತು. ಅಲ್ಲಿಂದಾಚೆಗೆ ಅವಳು ಚರ್ಚಿಗೆ ಬಂದರೂ ಭೋಜನದ ಹೊತ್ತಿಗೆ ತಲೆ ಬಗ್ಗಿಸಿ ಬೆಂಚಿನಲ್ಲೇ ಕೂತುಬಿಡುತ್ತಿದ್ದಳು.

ನಾನು ಬೈದೆ, ಬೇಡಿದೆ. ಅವಳು ಕೇಳಲಿಲ್ಲ.

“ಮಾತ್ರೆ ನನ್ನ ಬದುಕಿಸ್ತಾ ಇದೆ ಅಕ್ಕ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಮಂಡಿ ಹಾಕಿದಾಗ್ಲೇ ನಂಗೆ ನಾನೂ ಎಲ್ಲರ ಥರ ಅನ್ನಿಸ್ತಿದ್ದಿದ್ದು. ಈಗ ಅಲ್ಲಿಗೆ ಹೋದ್ರೇ ಅಲ್ಲ ಅನ್ನಿಸತ್ತೆ. ಬಿಟ್ಬಿಡು.”

ಅವಳು ಬದುಕಿನಲ್ಲಿ ಬೇರೇನನ್ನೂ ಕೇಳಿರಲಿಲ್ಲ. ಆ ಸಾಲಿನಲ್ಲಿ ಒಂದು ಮೊಳ ಜಾಗ ಬೇಕಿತ್ತು, ಅದನ್ನೂ ಬಿಟ್ಟುಕೊಟ್ಟು ಕೂತಿದ್ದಳು.

ಊರಿಗೆಲ್ಲ ಚಿಕುನ್‌ಗುನ್ಯಾ ಬಂದ ವರ್ಷ ಅದು. ಮನೆಗೊಬ್ಬರು ಕೈಕಾಲು ಹಿಡಿದುಕೊಂಡು ಮಲಗಿದ್ದರು. ಸಭೆಯ ಮೀಟಿಂಗಿನಲ್ಲಿ ಟೀಚರ್ ಎದ್ದು ನಿಂತು, ಕಾಯಿಲೆಗಳ ಕಾಲ, ಶುಚಿತ್ವದ ದೃಷ್ಟಿಯಿಂದ ಒಂದೇ ಪಾತ್ರೆ ಬೇಡ, ಒಬ್ಬೊಬ್ಬರಿಗೂ ಒಂದು ಪುಟ್ಟ ಗ್ಲಾಸು ಇಡೋಣ ಎಂದರು.

ನನಗೆ ತಡೆಯಲಾಗಲಿಲ್ಲ. “ಟೀಚರ್, ಚಿಕುನ್‌ಗುನ್ಯಾ ಬರೋದು ಸೊಳ್ಳೆಯಿಂದ. ನಾನು ದ್ರಾಕ್ಷಾರಸಕ್ಕೆ ಸಕ್ಕರೆ ಹಾಕ್ತೀನಿ, ಸೊಳ್ಳೆ ಹಾಕಲ್ಲ. ನಿಮಗೆ ಭಯ ಇದ್ರೆ ಭಯ ಅಂತಲೇ ಹೇಳಿ.”

ಟೀಚರ್ ಮುಖ ಕೆಂಪಾಯಿತು. ಎಲ್ಲರೂ ಅಯ್ಯನವರನ್ನು ನೋಡಿದರು. ನಮ್ಮ ಅಯ್ಯನವರು ಯಾರ ಮನಸ್ಸನ್ನೂ ನೋಯಿಸುವವರಲ್ಲ, ಅಂದರೆ ಯಾವುದನ್ನೂ ತೀರ್ಮಾನ ಮಾಡುವವರಲ್ಲ. ಕನ್ನಡಕ ಒರೆಸಿಕೊಂಡು, “ಎರಡೂ ಇರಲಿ. ಗ್ಲಾಸು ಬೇಕಾದವರು ಬಲಗಡೆ ಬರಲಿ, ಪಾತ್ರೆ ಬೇಕಾದವರು ಎಡಗಡೆ ಬರಲಿ” ಎಂದರು.

ಮನೆಗೆ ಬರುವಾಗ ಮಾಗಡಿ ರೋಡ್ ಉದ್ದಕ್ಕೂ ಗಂಡನ ಮುಂದೆ ಕೂಗಾಡಿದೆ. ನಮ್ಮ ಪ್ರಸಂಗಗಳಲ್ಲಿ ಊರಿನ ನೀತಿ ಕೆಟ್ಟಿದ್ದರ ಬಗ್ಗೆ ಎಷ್ಟು ಮಾತು. ಬಾರುಗಳು ಹೆಚ್ಚಾದವು, ಟಿವಿ ಕೆಡಿಸಿತು, ಮದುವೆಯಾಗದೆ ಜೊತೆಗಿರುತ್ತಾರೆ. ಎಲ್ಲವೂ ಬೇರೆಯವರ ಪಾಪ, ಹೊರಗೆಲ್ಲೋ ನಡೆಯುವುದು. ಒಬ್ಬ ಹೆಂಗಸು ನಮ್ಮ ಪಕ್ಕ ಮಂಡಿಯೂರಿದರೆ ನಾವು ಏನು ಮಾಡುತ್ತೇವೆ ಎಂಬುದು ನೀತಿಯ ಪ್ರಶ್ನೆ ಅಂತ ಯಾರಿಗೂ ಅನ್ನಿಸಲಿಲ್ಲ. ಯೇಸು ಕುಷ್ಠರೋಗಿಯನ್ನು ಮುಟ್ಟಿದ ಕಥೆಯನ್ನು ನಮಗೆ ಚಿತ್ರ ತೋರಿಸಿ ಕಲಿಸಿದವರೇ ಈ ಟೀಚರ್. ಗಂಡ ಎಲ್ಲವನ್ನೂ ಕೇಳಿಸಿಕೊಂಡು, “ಸಿಗ್ನಲ್ ಬಂತು, ಸ್ವಲ್ಪ ಮೆಲ್ಲಗೆ” ಎಂದರು.

ಆ ಶನಿವಾರ ದ್ರಾಕ್ಷಿಯನ್ನು ಎಂಥ ಕೋಪದಲ್ಲಿ ಹಿಂಡಿದೆನೆಂದರೆ ರಸ ಗೋಡೆಗೂ ಹಾರಿತು. ಭಾನುವಾರ ಬೇಗ ಹೋಗಿ ತಟ್ಟೆಯಲ್ಲಿದ್ದ ಪುಟ್ಟ ಗ್ಲಾಸುಗಳನ್ನೆಲ್ಲ ತುಂಬಿದೆ. ಎಡಗಡೆಗೆ ಬರುವವರು ಯಾರೂ ಇರುವುದಿಲ್ಲ, ಪಾತ್ರೆಗೆ ಸ್ವಲ್ಪ ಹಾಕಿದರೆ ಸಾಕು ಎಂದು ಗೊತ್ತಿತ್ತು. ಆದರೂ ಇಡೀ ಸಭೆಗೆ ಎಷ್ಟು ಹಾಕುತ್ತಿದ್ದೆನೋ ಅಷ್ಟನ್ನೂ ಅಂಚಿನವರೆಗೆ ಸುರಿದೆ. ಹಟವೇ, ಬೇರೇನೂ ಅಲ್ಲ.

ಮನೆಯವರನ್ನು ಕರೆದೊಯ್ಯಲು ವಾಪಸು ಬಂದರೆ ತಂಗಿ ಬರುವುದಿಲ್ಲ ಎಂದಳು. ಅಮ್ಮ ಸೀರೆ ಉಟ್ಟು, ಚಪ್ಪಲಿ ಹಾಕಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. “ನೀನು ಬಂದು ಮಂಡಿ ಹಾಕಿದ್ರೆ ನಾನು ಹೋಗ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ” ಎಂದಳು. ಅಮ್ಮ ಭೋಜನ ತಪ್ಪಿಸಿದವಳಲ್ಲ. ತಂಗಿ ಜಡೆ ಹಾಕಿಕೊಂಡು ಹೊರಟಳು.

ಬಲಗಡೆಯ ಸಾಲು ಬಾಗಿಲವರೆಗೆ ಬೆಳೆಯಿತು. ಎಡಗಡೆ ಅಮ್ಮ ಮಂಡಿ ಹಿಡಿದುಕೊಂಡು ಕೂತಳು, ಪಕ್ಕದಲ್ಲಿ ತಂಗಿ, ಅವಳ ಪಕ್ಕ ನಾನು, ನನ್ನಾಚೆ ನನ್ನ ಗಂಡ. ಅಷ್ಟೇ ಜನ. ಕುಡಿದು ಬಂದು ಬೆಂಚಿನಲ್ಲಿ ಕೂತೆವು. ತಂಗಿ ಯಾರ ಕಡೆಗೂ ನೋಡಲಿಲ್ಲ.

ಆರಾಧನೆಯಲ್ಲಿ ಆಶೀರ್ವದಿಸಿದ ರಸವನ್ನು ಚೆಲ್ಲುವ ಹಾಗಿಲ್ಲ. ಉಳಿದದ್ದನ್ನು ಅಯ್ಯನವರೇ ಕುಡಿದು, ನೀರು ಹಾಕಿ ಅಲುಗಿಸಿ, ಅದನ್ನೂ ಕುಡಿದು ಪಾತ್ರೆಯನ್ನು ಮುಚ್ಚಬೇಕು. ಸಾಮಾನ್ಯವಾಗಿ ಎರಡು ಗುಟುಕು ಉಳಿದಿರುತ್ತದೆ, ಯಾರೂ ಆ ಕಡೆ ಗಮನ ಕೊಡುವುದಿಲ್ಲ. ಅವತ್ತು ಅಯ್ಯನವರು ಪಾತ್ರೆ ಎತ್ತಿ ಕುಡಿದರು. ಇನ್ನೊಂದು ಸಲ ಕುಡಿದರು. ಒಳಗೆ ಇಣುಕಿ ನೋಡಿದರು. ನನಗೆ ಆಗ ನೆನಪಾಯಿತು, ಅವರಿಗೆ ಸಕ್ಕರೆ ಕಾಯಿಲೆ.

ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆ ತಿರುಗಿದರು.

“ಇದು ನನ್ನೊಬ್ಬನಿಂದ ಆಗಲ್ಲ. ನನಗೆ ಶುಗರ್ ಇದೆ, ನಿಮಗೆಲ್ಲ ಗೊತ್ತು. ಚೆಲ್ಲೋ ಹಾಗಿಲ್ಲ, ಅದೂ ಗೊತ್ತು. ಈ ಪಾತ್ರೇಲಿ ಯಾರು ಕುಡಿದಿದ್ದಾರೆ ಅಂತ ನೀವು ನೋಡಿದ್ದೀರಿ. ನಾನೂ ಕುಡಿದೆ. ಯಾರಾದ್ರೂ ಬಂದು ಸಹಾಯ ಮಾಡಿ.”

ಯಾರೂ ಏಳಲಿಲ್ಲ. ನಾನು ಏಳಲು ಹೊರಟೆ, ಗಂಡ ನನ್ನ ಸೆರಗು ಹಿಡಿದು ಕೂರಿಸಿದರು. ಅವರು ಮಾಡಿದ್ದು ಸರಿಯಾಗಿತ್ತು.

ಮುಂದಿನ ಬೆಂಚಿನಿಂದ ಟೀಚರ್ ಎದ್ದರು. ಪೀಠದ ಕಡೆಗೆ ಹೋಗದೆ ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ನನ್ನ ಕಡೆ ನೋಡಲೇ ಇಲ್ಲ. “ಬಾಮ್ಮ. ನನ್ನ ಜೊತೆ ಬಾ” ಎಂದು ತಂಗಿಯ ಕೈ ಹಿಡಿದರು. ಇಬ್ಬರೂ ಹೋಗಿ ಮಂಡಿಯೂರಿದರು. “ಅವಳಿಗೆ ಮೊದಲು ಕೊಡಿ ಅಯ್ಯನೋರೇ” ಎಂದದ್ದು ಹಿಂದಿನವರೆಗೂ ಕೇಳಿಸಿತು. ತಂಗಿ ಕುಡಿದಳು. ಟೀಚರ್ ಪಾತ್ರೆ ಹಿಡಿದಾಗ ಅವರ ಕೈ ನಡುಗುತ್ತಿತ್ತು, ಬಳೆಗಳು ಬೆಳ್ಳಿಗೆ ತಾಗಿ ಸದ್ದಾಗುತ್ತಿತ್ತು. ಅವರಿಗೆ ಭಯ ಹೋಗಿರಲಿಲ್ಲ. ಭಯ ಇಟ್ಟುಕೊಂಡೇ ಬಂದಿದ್ದರು. ಕುಡಿದರು.

ಅಷ್ಟು ದಿನ ಅವರ ಮೇಲೆ ಕಟ್ಟಿಕೊಂಡಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ. ಭಯವೇ ಇಲ್ಲದ ನಾನು ಕುಡಿದದ್ದು ಏನು ದೊಡ್ಡದು, ಆ ನಡುಗುವ ಕೈಯದು ದೊಡ್ಡದು ಅನ್ನಿಸಿತು. ಆಮೇಲೆ ಒಬ್ಬರು ಎದ್ದರು, ಹಿಂದಿನಿಂದ ಗಂಡ ಹೆಂಡತಿ ಇಬ್ಬರು ಬಂದರು, ಕ್ವಾಯರಿನಲ್ಲಿ ಹಾಡುವ ಹುಡುಗಿಯರು ಗುಂಪಾಗಿ ಬಂದರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಕೆಲವರು ಆಶೀರ್ವಚನಕ್ಕೂ ಕಾಯದೆ ಚಪ್ಪಲಿ ಹಾಕಿಕೊಂಡು ಹೊರಟರು. ಆದರೆ ಪಾತ್ರೆ ಖಾಲಿಯಾಯಿತು.

ಹೊರಗೆ ಕೈಕುಲುಕುವಾಗ ನಾನು ಅಯ್ಯನವರನ್ನು ಕೇಳಿಯೇಬಿಟ್ಟೆ. “ಬೇಕಂತಲೇ ಮಾಡಿದ್ರಾ ಅಯ್ಯನೋರೇ?”

“ಶುಗರ್ ಇರೋದು ನಿಜಾನೇ ಅಮ್ಮ. ಮುಂದಿನ ಸಲ ಸಕ್ಕರೆ ಕಮ್ಮಿ ಹಾಕಿ” ಎಂದರು.

ಪುಟ್ಟ ಗ್ಲಾಸುಗಳು ಈಗಲೂ ಇವೆ. ಬೇಕೆನ್ನುವವರಿಗೆ ನಾನೇ ತುಂಬಿಸಿಡುತ್ತೇನೆ, ಗೊಣಗುವುದನ್ನು ಕಡಿಮೆ ಮಾಡಿದ್ದೇನೆ. ಹೆದರಿದವರನ್ನು ಹೆದರಿಸಿ ಧೈರ್ಯ ತುಂಬಲಾಗುವುದಿಲ್ಲ ಎಂದು ನನ್ನಂಥ ಬಾಯಿಬಡುಕಿಗೂ ಅರ್ಥವಾಯಿತು.

ಮುಂದಿನ ತಿಂಗಳು ತಂಗಿ ಯಾರದೋ ಮದುವೆಯ ರವಿಕೆ ಮುಗಿಸಿಕೊಟ್ಟು ಚರ್ಚಿಗೆ ತಡವಾಗಿ ಬಂದಳು. ಎಡಗಡೆ ಆಗಲೇ ಜನ ಮಂಡಿಯೂರಿದ್ದರು, ಮೊದಲಿನಷ್ಟಲ್ಲದಿದ್ದರೂ ಸಾಲು ಎನ್ನಬಹುದಾದಷ್ಟು. ಅವಳು ತಲೆ ತಗ್ಗಿಸಿ ಕೊನೆಯ ತುದಿಗೆ ಹೋಗುತ್ತಿದ್ದಳು. ಸಾಲಿನ ನಡುವೆ ಇದ್ದ ಟೀಚರ್ ಕಣ್ಣು ಮುಚ್ಚಿಕೊಂಡೇ ಅವಳ ಸೆರಗು ಹಿಡಿದು ಎಳೆದರು, ಪಕ್ಕಕ್ಕೆ ಸರಿದರು. ಆಚೆ ಬದಿಯ ಹೆಂಗಸೂ ಸ್ವಲ್ಪ ಸರಿದು ಜಾಗ ಮಾಡಿದರು. ಎದ್ದುಹೋಗುತ್ತಾರೇನೋ ಎಂದು ನಾನು ಅವರನ್ನೇ ನೋಡುತ್ತಿದ್ದೆ. ಅವರು ಹೋಗಲಿಲ್ಲ. ತಂಗಿ ಇಬ್ಬರ ನಡುವೆ ಮಂಡಿಯೂರಿದಳು. ಅಯ್ಯನವರು ಟೀಚರಿಗೆ ಕುಡಿಸಿದರು, ತಂಗಿಗೆ ಕುಡಿಸಿದರು, ಎಲ್ಲರಿಗೂ ಒರೆಸುವ ಹಾಗೆಯೇ ಅಂಚನ್ನು ಒಂದು ಸಲ ಒರೆಸಿದರು, ಪಕ್ಕದವರಿಗೆ ಹಿಡಿದರು. ಪಕ್ಕದವರು ಕುಡಿದರು.